ಸ್ಟ್ರೆಸ್ ತೋರಿಸುವ ಸ್ಮಾರ್ಟ್‌ವಾಚ್: ನಂಬರ್‌ಗಿಂತ ಗ್ರಾಫ್ ನೋಡಿ

ವಾಚ್ ತೋರಿಸುವ ಸ್ಟ್ರೆಸ್ ನಂಬರ್ ನಂಬಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನಂಬರ್ ಸುಳ್ಳಲ್ಲ. ಆದರೆ ಅದು ಅಳೆಯುವುದು ನಮ್ಮ ಚಿಂತೆಯನ್ನಲ್ಲ, ನಮ್ಮ ಮೈ ಎಷ್ಟು ಬಿಗಿಯಾಗಿದೆ ಅನ್ನುವುದನ್ನು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ವಾಚ್ ನಿಜವಾಗಲೂ ಉಪಯೋಗಕ್ಕೆ ಬರುತ್ತದೆ, ಗೊತ್ತಿಲ್ಲದಿದ್ದರೆ ಸುಮ್ನೆ ಹೊಸ ತಲೆನೋವು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕಂದರೆ ಈ ಫೀಚರ್ ಬಹುತೇಕ ವಾಚ್‌ಗಳಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇದೆ.

ವಾಚ್ ಬಿಚ್ಚಿ ತಿರುಗಿಸಿ ನೋಡಿ. ಹಿಂದೆ ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತದ ಪ್ರಮಾಣ ಏರಿ ಇಳಿಯುತ್ತದೆ, ಆದ್ದರಿಂದ ವಾಪಸ್ ಬರುವ ಬೆಳಕನ್ನು ನೋಡಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ಅಂತ ವಾಚ್ ಲೆಕ್ಕ ಹಾಕುತ್ತದೆ. ನಿರಾಳವಾಗಿದ್ದಾಗ ಈ ಅಂತರ ಒಂದೇ ಸಮ ಇರುವುದಿಲ್ಲ. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಒತ್ತಡ ಬಂದಾಗ ಈ ಏರಿಳಿತ ಕಡಿಮೆಯಾಗಿ ಬಡಿತ ಒಂದೇ ಅಳತೆಗೆ ಬೀಳುತ್ತದೆ. ಇದನ್ನೇ ಸಾಮಾನ್ಯವಾಗಿ 0 ರಿಂದ 100 ರ ಒಳಗಿನ ಒಂದು ನಂಬರ್ ಮಾಡಿ ತೋರಿಸುತ್ತಾರೆ.

ತೊಂದರೆ ಶುರುವಾಗುವುದು ಇಲ್ಲೇ. ಮೆಟ್ಟಿಲು ಹತ್ತಿದರೂ ನಂಬರ್ ಏರಬಹುದು. ಕಾಫಿ ಕುಡಿದರೆ, ಜ್ವರ ಬಂದರೆ, ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಕೂಡ ಏರಬಹುದು. ನನ್ನ ಫೋನಲ್ಲಿ ಒಂದು ದಿನದ ಗ್ರಾಫ್ ಇದೆ. ಮಧ್ಯಾಹ್ನ ಕೆಲಸ ಯಾಕೆ ಮುಗಿದಿಲ್ಲ ಅಂತ ಮ್ಯಾನೇಜರ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೇಳಿದಾಗ ಕಿತ್ತಳೆ ಬಣ್ಣದ ಗೆರೆ ಮೇಲಕ್ಕೆ ಹೋಗಿದೆ. ಸಂಜೆ ಹಳೆ ಗೆಳತಿ ಫೋನ್ ಮಾಡಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಾಗಲೂ ಅಷ್ಟೇ ಎತ್ತರಕ್ಕೆ ಹೋಗಿದೆ. ವಾಚ್‌ಗೆ ಎರಡೂ ಒಂದೇ.

ಇದಕ್ಕೆ ಕಾರಣವಿದೆ. 1936 ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಇಲಿಗಳಿಗೆ ಚಳಿಯಾಗಲಿ, ಗಾಯವಾಗಲಿ, ಅತಿಯಾದ ಆಯಾಸವಾಗಲಿ, ಯಾವ ಕಷ್ಟ ಕೊಟ್ಟರೂ ಮೈ ತೋರಿಸುವ ಪ್ರತಿಕ್ರಿಯೆ ಹೆಚ್ಚುಕಮ್ಮಿ ಒಂದೇ ಅನ್ನುವುದು ಅದರ ತಿರುಳು. ಸಂತೋಷ ತರುವ ಒತ್ತಡವೂ ಇದೆ, ಅದನ್ನು ಬೇರೆಯಾಗಿ ನೋಡಬೇಕು ಅಂತ ಅವರೇ ಮುಂದೆ ಹೇಳಿದರು. ಆ ಬೇರೆ ಮಾಡುವ ಕೆಲಸ ಮಣಿಕಟ್ಟಿನ ಮೇಲಿನ ದೀಪಕ್ಕೆ ಆಗುವುದಿಲ್ಲ. ಅದು ನಾವೇ ಮಾಡಬೇಕು.

ಹಾಗಾದರೆ ಗ್ರಾಫ್ ನೋಡಿ ಏನು ಪ್ರಯೋಜನ? ಎಷ್ಟು ಏರಿತು ಅನ್ನುವುದನ್ನು ಬಿಡಿ. ಏರಿದ ಮೇಲೆ ಇಳಿಯುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ. ನನ್ನ ಪ್ರಕಾರ ಇಡೀ ಫೀಚರ್‌ನಲ್ಲಿ ಬೆಲೆಬಾಳುವ ಸಂಗತಿ ಇದೇ. ಗಾಬರಿಯಾದಾಗ ಅಡ್ರಿನಲಿನ್ ಎಂಬ ಹಾರ್ಮೋನ್ ಕ್ಷಣದಲ್ಲಿ ನುಗ್ಗುತ್ತದೆ, ಕೆಲವು ನಿಮಿಷ ಕಳೆದು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಬರುತ್ತದೆ, ಅಪಾಯ ಕಳೆದ ಮೇಲೆ ಎರಡೂ ತಗ್ಗಬೇಕು. ಹಾಗೆ ಏರಿ ಇಳಿದರೆ ಮೈಗೆ ಏನೂ ಕೆಡುಕಿಲ್ಲ. ತಗ್ಗುವುದಕ್ಕೆ ಬಿಡುವೇ ಸಿಗದೆ ತಿಂಗಳುಗಟ್ಟಲೆ ಹಾಗೇ ಉಳಿದರೆ ನಿದ್ದೆ, ರಕ್ತದೊತ್ತಡ, ರೋಗ ತಡೆಯುವ ಶಕ್ತಿ ಎಲ್ಲದರ ಮೇಲೂ ಪೆಟ್ಟು ಬೀಳುತ್ತದೆ. ಮೀಟಿಂಗ್ ಮುಗಿದು ಗಂಟೆಗಳಾದರೂ ಗೆರೆ ಇಳಿದಿಲ್ಲ ಅಂದರೆ ಮನಸ್ಸು ಇನ್ನೂ ಆ ಮೀಟಿಂಗ್‌ನಲ್ಲೇ ಕೂತಿರಬಹುದು ಅಲ್ವಾ? ಗೆಳತಿಯ ಜೊತೆ ನಕ್ಕಿದ್ದು ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ಇಳಿದಿತ್ತು. ಮ್ಯಾನೇಜರ್ ಮಾತು ರಾತ್ರಿ ಮಲಗುವವರೆಗೂ ಇತ್ತು.

ಇನ್ನು ವಾಚ್‌ನಲ್ಲೇ ಇರುವ ಉಸಿರಾಟದ ಅಭ್ಯಾಸ. ಪರದೆ ಮೇಲೆ ಒಂದು ವೃತ್ತ ಹಿಗ್ಗುತ್ತದೆ, ಕುಗ್ಗುತ್ತದೆ, ಅದರ ಜೊತೆ ಮಣಿಕಟ್ಟಿಗೆ ಮೆಲ್ಲಗೆ ಕಂಪನ ಬರುತ್ತದೆ. ಕಣ್ಣು ಮುಚ್ಚಿಕೊಂಡೇ ಮಾಡಬಹುದು, ಮೀಟಿಂಗ್‌ನಲ್ಲಿ ಕೂತೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಇದು. ಸೆಟ್ಟಿಂಗ್ ಬದಲಾಯಿಸಲು ಅವಕಾಶ ಇದ್ದರೆ ಎಳೆಯುವುದಕ್ಕೆ 4 ಸೆಕೆಂಡ್, ಬಿಡುವುದಕ್ಕೆ 6 ಸೆಕೆಂಡ್ ಇಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 6 ಉಸಿರು. ಹೀಗೆ ನಿಧಾನವಾಗಿ ಉಸಿರಾಡಿದಾಗ ಬಡಿತದ ಏರಿಳಿತ ಚೆನ್ನಾಗಿ ಹೆಚ್ಚುತ್ತದೆ, ಉಸಿರು ಬಿಡುವಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಎದೆಬಡಿತವನ್ನು ತಗ್ಗಿಸುತ್ತದೆ. ಬಲವಂತವಾಗಿ ಎಳೆಯಬೇಡಿ, ತಲೆ ಸುತ್ತುತ್ತದೆ. ಮೊದಲ ಎರಡು ಮೂರು ಉಸಿರಲ್ಲೇ ದವಡೆ ಕಚ್ಚಿಕೊಂಡಿರುವುದು, ಭುಜ ಕಿವಿಯ ಕಡೆಗೆ ಏರಿರುವುದು ಗಮನಕ್ಕೆ ಬರುತ್ತದೆ. ಆ ಭುಜ ಇಳಿಸಿದರೇ ಅರ್ಧ ಕೆಲಸ ಆದ ಹಾಗೆ.

ಇಷ್ಟವಾಗದೆ ಇದ್ದಿದ್ದು ಎಚ್ಚರಿಕೆ ಸಂದೇಶಗಳು. ಮೊದಲೇ ಟೆನ್ಷನ್‌ನಲ್ಲಿ ಇರುವವರ ಕೈ ಅಲುಗಾಡಿಸಿ ‘ನಿಮ್ಮ ಸ್ಟ್ರೆಸ್ ಜಾಸ್ತಿ ಇದೆ’ ಅಂದರೆ ಅದು ಇನ್ನಷ್ಟು ಏರದೆ ಇಳಿಯುತ್ತದಾ? ಇದು ಸಣ್ಣ ದೋಷ ಅಲ್ಲ, ಸಹಾಯ ಮಾಡಬೇಕಾದ ವಸ್ತುವೇ ಕಾಟ ಕೊಡುವ ಹಾಗೆ ಆಗುತ್ತದೆ. ಮೊದಲ ದಿನವೇ ಅದನ್ನು ಆಫ್ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಕೂಡ ನಂಬರ್ ನೋಡಬೇಡಿ, ಎದ್ದ ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ತಾನಾಗಿಯೇ ಏರುತ್ತದೆ, ಅದು ಮೈ ಎಚ್ಚರಾಗುವ ರೀತಿ. ವಾರಕ್ಕೊಮ್ಮೆ ಗ್ರಾಫ್ ತೆಗೆದು, ಎತ್ತರಕ್ಕೆ ಹೋದ ಕಡೆ ಆಗ ಏನು ನಡೀತಿತ್ತು ಅಂತ ಎರಡು ಪದ ಬರೆದುಕೊಂಡರೆ ಸಾಕು. ಪಟ್ಟಿ ಸಡಿಲವಾಗಿದ್ದರೆ, ಕೈ ತಣ್ಣಗಿದ್ದರೆ, ಮಣಿಕಟ್ಟಿನ ಮೇಲೆ ಗಾಢ ಬಣ್ಣದ ಹಚ್ಚೆ ಇದ್ದರೆ ಅಳತೆ ತಪ್ಪುತ್ತದೆ, ಅದೂ ನೆನಪಿರಲಿ.

ಚಿಂತೆಯನ್ನು ಅಳೆಯಬೇಕು ಅಂತಿದ್ದರೆ ಅದಕ್ಕೆ ವಾಚೇ ಬೇಕಾಗಿಲ್ಲ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983 ರಲ್ಲಿ ಪ್ರಕಟಿಸಿದ ಒಂದು ಪ್ರಶ್ನಾವಳಿ ಇದೆ, ಈಗ ಹೆಚ್ಚಾಗಿ ಬಳಸುವುದು ಅದರ 10 ಪ್ರಶ್ನೆಗಳ ರೂಪ. ಕಳೆದ ಒಂದು ತಿಂಗಳಲ್ಲಿ ಬದುಕು ಎಷ್ಟು ಸಲ ಕೈ ಮೀರಿ ಹೋದ ಹಾಗೆ ಅನ್ನಿಸಿತು, ಮೇಲಿಂದ ಮೇಲೆ ಬಿದ್ದ ಹೊರೆ ತಡೆಯಲಾರೆ ಅನ್ನಿಸಿತಾ, ಈ ಥರದ್ದನ್ನು ಕೇಳುತ್ತದೆ. ಮೈ ಅಲ್ಲ, ನಿಮ್ಮ ಅನಿಸಿಕೆಯೇ ಅಲ್ಲಿ ಮುಖ್ಯ. ತಿಂಗಳಿಗೊಮ್ಮೆ ಅದನ್ನು ತುಂಬಿ ವಾಚ್‌ನ ಗ್ರಾಫ್ ಪಕ್ಕ ಇಟ್ಟುಕೊಂಡು ನೋಡಿದರೆ ಎರಡೂ ಸೇರಿ ಚಿತ್ರ ಜಾಸ್ತಿ ಸ್ಪಷ್ಟವಾಗುತ್ತದೆ.

ಯಾರು ಕೊಳ್ಳಬಹುದು? ಕೆಲಸದಲ್ಲಿ ಮುಳುಗಿ ಮೈ ಬಿಗಿಯಾಗಿದ್ದು ಗೊತ್ತೇ ಆಗದವರು ಕೊಳ್ಳಿ, ನಿಮಗೆ ಇದು ಬೇಕು. ಎದೆ ಸ್ವಲ್ಪ ಹೊಡೆದುಕೊಂಡರೂ ಹೆದರಿ ಮತ್ತೆ ಮತ್ತೆ ನಾಡಿ ನೋಡಿಕೊಳ್ಳುವವರು ದಯವಿಟ್ಟು ಕೊಳ್ಳಬೇಡಿ, ಹೆದರಿಕೆ ಇನ್ನೂ ಹೆಚ್ಚುತ್ತದೆ. ಉಸಿರಾಟದ ಅಭ್ಯಾಸ ಗಡಿಯಾರದ ಸೆಕೆಂಡ್ ಮುಳ್ಳು ನೋಡಿಕೊಂಡೂ ಮಾಡಬಹುದು. ವಾರಗಟ್ಟಲೆ ನಿದ್ದೆ ಬಾರದವರು, ಯಾವುದರಲ್ಲೂ ಮನಸ್ಸಿಲ್ಲದವರು ವಾಚ್ ಅಂಗಡಿಗಲ್ಲ, ಡಾಕ್ಟರ್ ಹತ್ತಿರ ಹೋಗಿ. ಎದೆನೋವು ಬಂದರಂತೂ ನಂಬರ್ ಎಷ್ಟೇ ಕಡಿಮೆ ತೋರಿಸಲಿ, ಕಾಯಬೇಡಿ.