ಮಕ್ಕಳ ಜೊತೆ ಕೂತು ನೋಡಲು: ಎನ್‌ಎಫ್‌ಬಿ ಜಾಲತಾಣದ ಕಿರುಚಿತ್ರಗಳು

ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾ 1939ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ. ಅವರ ಜಾಲತಾಣದಲ್ಲಿ ಸಾವಿರಾರು ಚಿತ್ರಗಳನ್ನು ಪುಕ್ಕಟೆ ನೋಡಬಹುದು. ನಾನಿಲ್ಲಿ ಹೇಳೋದು ಅದರಲ್ಲಿರುವ ಪ್ರಯೋಗಾತ್ಮಕ ಕಿರುಚಿತ್ರಗಳ ಬಗ್ಗೆ ಮಾತ್ರ, ಅದೂ ಆರು ವರ್ಷದ ಮಗ, ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ಅಮ್ಮನಾಗಿ.

ಜಾಲತಾಣ ಇರೋದು ಇಂಗ್ಲಿಷ್, ಫ್ರೆಂಚ್‌ನಲ್ಲಿ. ಹೆದರಬೇಡಿ, ಈ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಮಾತೇ ಇಲ್ಲ. ನಮ್ಮತ್ತೆಯೂ ಬಂದು ಕೂತರು.

ಮೊದಲು ‘ಎ ಚೇರಿ ಟೇಲ್’ ಹಾಕಿ. ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋದ್ ಜುತ್ರಾ 1957ರಲ್ಲಿ ಮಾಡಿದ್ದು, ಸುಮಾರು ಹತ್ತು ನಿಮಿಷ, ಕಪ್ಪು-ಬಿಳುಪು. ಒಬ್ಬ ಪುಸ್ತಕ ಓದೋಣ ಅಂತ ಕುರ್ಚಿಯ ಹತ್ತಿರ ಬರುತ್ತಾನೆ, ಕುರ್ಚಿ ಕೂರಿಸಿಕೊಳ್ಳಲ್ಲ. ಓಡುತ್ತೆ, ಜಾರುತ್ತೆ, ಒದೆಯುತ್ತೆ. ಸಂಗೀತ ರವಿಶಂಕರ್ ಅವರದು, ತಬಲಾ ಚತುರ್‌ಲಾಲ್. ಮಗಳು ತಬಲಾ ಕ್ಲಾಸಿಗೆ ಹೋಗ್ತಾಳೆ. ಕುರ್ಚಿ ಓಡಿದಾಗ ಲಯ ದ್ರುತಕ್ಕೆ ಏರೋದನ್ನ ನನಗಿಂತ ಮೊದಲು ಹಿಡಿದಳು.

ಮುಗಿದ ಮೇಲೆ ‘ಏನು ಅರ್ಥ ಆಯ್ತು?’ ಅಂತ ಮಾತ್ರ ಕೇಳಬೇಡಿ. ಅದು ಪರೀಕ್ಷೆ ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ, ಬಾಯಿ ಮುಚ್ಚಿಬಿಡ್ತಾರೆ. ‘ಕುರ್ಚಿಗೆ ಏನು ಬೇಕಿತ್ತು?’ ಅಂತ ಕೇಳಿ ನೋಡಿ. ‘ಅದನ್ನ ಯಾರೂ ಕೇಳೇ ಇಲ್ವಲ್ಲಮ್ಮ, ಎಲ್ಲಾರೂ ಸುಮ್ನೆ ಕೂತ್ಕೋತಾರೆ’ ಅಂದ ಮಗ. ‘ಮನೇಲಿ ನನ್ನ ಕಥೇನೂ ಅದೇ ಕಣೋ’ ಅಂದರು ಅತ್ತೆ. ಆಮೇಲೆ ಅರ್ಧ ಗಂಟೆ ಮಾತು ನಡೆದದ್ದು ಅವರಿಬ್ಬರದೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಬೀಡ್ ಗೇಮ್’ (1977). ಗುಜರಾತಿನಲ್ಲಿ ಹುಟ್ಟಿದ ಈಶು ಪಟೇಲ್ ಅವರ ಐದೂವರೆ ನಿಮಿಷದ ಕೆಲಸ. ಸಾವಿರಾರು ಮಣಿಗಳು ಸೇರಿ ಪ್ರಾಣಿಯಾಗುತ್ತವೆ, ಒಂದನ್ನೊಂದು ನುಂಗುತ್ತಾ ಬೆಳೆಯುತ್ತವೆ, ಕೊನೆಗೆ ಮನುಷ್ಯರ ಯುದ್ಧ. ಇಲ್ಲಿ ‘ಯಾಕೆ’ಗಿಂತ ‘ಹೇಗೆ’ ಕೇಳೋದು ವಾಸಿ. ಮಣಿ ಚೂರು ಸರಿಸು, ಒಂದು ಫೋಟೊ ತೆಗಿ, ಮತ್ತೆ ಸರಿಸು. ನಾವು ತಟ್ಟೆಯಲ್ಲಿ ಅಲಸಂದೆ ಕಾಳು ಹರಡಿ, ಡಬ್ಬದ ಮೇಲೆ ಮೊಬೈಲ್ ಅಡ್ಡಡ್ಡ ಇಟ್ಟು ಮಾಡಿದೆವು. ಹಾವು ಅಂತ ಹೊರಟಿದ್ದು ನಡುವೆ ಎರಡು ತುಂಡಾಯ್ತು. ‘ಇಷ್ಟೊಂದು ತಾಳ್ಮೆ ಯಾರಿಗಿರುತ್ತೆ?’ ಅಂತ ಮಗಳು ಗೊಣಗಿ, ಪಟೇಲರ ಚಿತ್ರವನ್ನ ಮತ್ತೊಮ್ಮೆ ಹಾಕಿಸಿಕೊಂಡಳು. ಈ ಸಲ ಕಥೆ ಬಿಟ್ಟು ಬರೀ ಮಣಿ ನೋಡಿದಳು.

‘ಬ್ಲಿಂಕಿಟಿ ಬ್ಲ್ಯಾಂಕ್’ (1955) ಮಗನಿಗೆ ಹಿಡಿಸಲಿಲ್ಲ. ಕಪ್ಪು ಫಿಲ್ಮಿನ ಮೇಲೆ ನೇರವಾಗಿ ಗೀಚಿ ಮಾಡಿದ್ದು. ಗೆರೆಗಳು ಫಳ್ ಅಂತ ಮಿಂಚಿ ಮಾಯ. ಕಣ್ಣು ನೋಯುತ್ತೆ ಅಂದ, ನಿಲ್ಲಿಸಿದೆವು. ಮಿಂಚುವ ಬೆಳಕು ಆಗದ ಮಕ್ಕಳಿಗೆ ಇದು ಬೇಡವೇ ಬೇಡ.

‘ನೇಬರ್ಸ್’ (1952) ಬಗ್ಗೆ ಎಚ್ಚರ. ಇದೂ ಮೆಕ್‌ಲಾರೆನ್‌ದೇ, ಆಸ್ಕರ್ ಬಂದ ಚಿತ್ರ. ಒಂದು ಹೂವಿಗಾಗಿ ಅಕ್ಕಪಕ್ಕದ ಮನೆಯವರು ಹೊಡೆದಾಡೋ ತಮಾಷೆ ಅಂತ ಶುರುವಾಗುತ್ತೆ, ಆದರೆ ತಾಯಿ, ಕೂಸಿನ ಮೇಲೂ ಕೈ ಮಾಡ್ತಾರೆ. ಆ ಭಾಗವನ್ನ ಒಂದು ಕಾಲದಲ್ಲಿ ಕತ್ತರಿಸಿದ್ದರು, ವಿಯೆಟ್ನಾಂ ಯುದ್ಧದ ಹೊತ್ತಿಗೆ ಮೆಕ್‌ಲಾರೆನ್ ಮತ್ತೆ ಸೇರಿಸಿದರು. ಮೊದಲು ನೀವೊಬ್ಬರೇ ನೋಡಿ. ನಾನು ಮಗಳಿಗೆ ತೋರಿಸಿದೆ, ಮಗನಿಗೆ ಇನ್ನೂ ಇಲ್ಲ.

ಒಂದು ಸಲಕ್ಕೆ ಒಂದೇ ಚಿತ್ರ ಸಾಕು. ಒಂದಾದ ಮೇಲೊಂದು ಹಾಕ್ತಾ ಹೋದರೆ ಯೂಟ್ಯೂಬ್ ನೋಡಿದ ಹಾಗೇ ಆಗುತ್ತೆ, ಮಾತಿಗೆ ಜಾಗವೇ ಉಳಿಯಲ್ಲ. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಯಾವ ಚಿತ್ರ ಯಾವ ವಯಸ್ಸಿಗೆ ಅನ್ನೋ ತಲೆನೋವು ಅಪ್ಪ-ಅಮ್ಮನದೇ, ಅದಕ್ಕೆ ಅರ್ಧ ಕಡಿಮೆ.