.275 ಮೌಸರ್, ಇಷಾಪುರದ .315, ಜೋಡುನಳಿಗೆ ಕೋವಿ: ಮೂರರಲ್ಲಿ ಒಂದನ್ನು ಬಿಟ್ಟ ಕಥೆ

ನಮ್ಮ ಹೊಲ ಇರುವುದು ಜಗಳೂರು ತಾಲ್ಲೂಕಿನಲ್ಲಿ, ರಂಗಯ್ಯನದುರ್ಗದ ಕಾಡಿನ ಮಗ್ಗುಲಿಗೆ. ಮನೆಯಲ್ಲಿ ಮೂರು ಕೋವಿ ಇದ್ದವು. ಅಜ್ಜನ ಕಾಲದ .275 ಮೌಸರ್ ರೈಫಲ್ (ಅಂಕಿ ನಳಿಗೆಯ ಒಳ ಅಳತೆ, ಇಂಚಿನಲ್ಲಿ), ಅಪ್ಪ 1971ರಲ್ಲಿ ಕೊಂಡ, ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್, ಮತ್ತೆ 12 ಬೋರಿನ ಜೋಡುನಳಿಗೆ. 2009ರಲ್ಲಿ ಮೂರೂ ನನ್ನ ಹೆಸರಿಗೆ ಬಂದವು. 2019ರ ಡಿಸೆಂಬರ್‌ನಲ್ಲಿ ಆಯುಧ ಕಾಯ್ದೆಗೆ ತಿದ್ದುಪಡಿಯಾಗಿ ಒಬ್ಬರಿಗೆ ಎರಡೇ ಅಂತಾಯಿತು. ಅಜ್ಜ, ಅಪ್ಪ ಬಿಟ್ಟುಹೋದದ್ದಕ್ಕೂ ವಿನಾಯಿತಿಯಿಲ್ಲ. ಹೆಚ್ಚಿಗೆ ಇರುವುದನ್ನು ಒಂದು ವರ್ಷದೊಳಗೆ ಠಾಣೆಗೋ ಪರವಾನಗಿ ಇರುವ ಡೀಲರಿಗೋ ಒಪ್ಪಿಸಬೇಕಿತ್ತು. ಆ ವರ್ಷವಿಡೀ ಮೂರನ್ನೂ ಕೈಯಲ್ಲಿ ಹಿಡಿದು ನೋಡಿದ್ದೇ ನೋಡಿದ್ದು.

ಮೊದಲೇ ಹೇಳಿಬಿಡುತ್ತೇನೆ, ಬೇಟೆಯ ಮಾತು ಇಲ್ಲಿಲ್ಲ. 1972ರ ವನ್ಯಜೀವಿ ಕಾಯ್ದೆ, ಆಮೇಲೆ 1991ರ ಅದರ ತಿದ್ದುಪಡಿ ಬಂದಮೇಲೆ ಅದು ಮುಗಿದ ಕಥೆ. ಅಪ್ಪನ .315ರ ಹಣೆಬರಹ ನೋಡಿ: ಕೊಂಡ ಮರುವರ್ಷವೇ ಕಾಯ್ದೆ ಬಂತು. ಹೆಸರಿಗೆ ಶಿಕಾರಿ ರೈಫಲ್, ಒಂದು ಮೊಲವನ್ನೂ ಕಂಡಿಲ್ಲ.

ಆ .315 ಬಗ್ಗೆ ದೂರಲು ನನ್ನ ಹತ್ತಿರ ಹೆಚ್ಚೇನಿಲ್ಲ. ಸೈನ್ಯದ .303 ತೋಟಾ ಊರವರ ಕೈಗೆ ಸಿಗಬಾರದು ಅಂತ ಬ್ರಿಟಿಷರು ಅದನ್ನು ನಿಷೇಧಿಸಿದ್ದರಲ್ಲ, ಆಗ ಆಸ್ಟ್ರಿಯಾ ಸೈನ್ಯದ ಹಳೆಯ 8 ಮಿ.ಮೀ. ತೋಟಾವನ್ನು ಬ್ರಿಟಿಷ್ ಸೈನ್ಯದ ಲೀ ಮಾದರಿಯ ರೈಫಲ್ಲಿಗೆ ಹೊಂದಿಸಿದರು. ಮೊದಲು ಇಂಗ್ಲೆಂಡಿನ ಬಿಎಸ್‌ಎ ಕಂಪನಿಯವರು ಮಾಡುತ್ತಿದ್ದರು, ಆಮೇಲೆ ನಮ್ಮ ಇಷಾಪುರದ ಕಾರ್ಖಾನೆ. ಬೋಲ್ಟ್ (ತೋಟಾವನ್ನು ನಳಿಗೆಗೆ ತಳ್ಳಿ ಬೀಗ ಹಾಕುವ ಉಕ್ಕಿನ ಸರಳು) 60 ಡಿಗ್ರಿ ಎತ್ತಿದರೆ ಸಾಕು, ಸರಕ್ಕನೆ ಓಡುತ್ತದೆ. ಮುಚ್ಚುವಾಗ ಸ್ಪ್ರಿಂಗ್ ಬಿಗಿಯಾಗುವುದರಿಂದ ಕೊನೆಯ ಒಂದು ಇಂಚು ಒತ್ತಿ ತಳ್ಳಬೇಕು, ಅಷ್ಟೇ. ಮ್ಯಾಗಜೀನಿಗೆ 5 ತೋಟಾ. ತುಂಬುವಾಗ ಹುಷಾರು: ತೋಟಾದ ಬುಡಕ್ಕೆ ಅಂಚು ಇದೆ, ಮೇಲಿನದರ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ ಅಲ್ಲೇ ನಿಂತುಬಿಡುತ್ತದೆ. ನನಗೆ ಎರಡು ಸಲ ಆಗಿದೆ. ಮರದ ಕೆಲಸ ಮಾತ್ರ ಸರ್ಕಾರಿ ಶಾಲೆಯ ಬೆಂಚಿನ ಹಾಗೆ. ಗಟ್ಟಿ, ಆದರೆ ಯಾರೂ ಪ್ರೀತಿಯಿಂದ ಉಜ್ಜಿದ್ದಲ್ಲ. ದೊಡ್ಡ ಗುಣವೆಂದರೆ ತೋಟಾ ಇಲ್ಲೇ, ನಮ್ಮ ದೇಶದಲ್ಲೇ ತಯಾರಾಗುತ್ತದೆ.

ಮೌಸರ್ ಬೇರೆಯದೇ ಜಾತಿ. 1898ರ ವಿನ್ಯಾಸ, ಇವತ್ತಿಗೂ ಬೋಲ್ಟ್ ರೈಫಲ್ ಮಾಡುವವರು ಅದರ ಮನೆಯ ಮೆಟ್ಟಿಲು ಹತ್ತಿಯೇ ಮುಂದೆ ಹೋಗಬೇಕು. ಬೋಲ್ಟಿನ ಪಕ್ಕದಲ್ಲಿ ಉದ್ದನೆಯ ಉಕ್ಕಿನ ಪಟ್ಟಿಯಿದೆ, ತುದಿಯಲ್ಲಿ ಹದ್ದಿನ ಉಗುರಿನಂಥ ಕೊಕ್ಕೆ. ಮ್ಯಾಗಜೀನಿನಿಂದ ತೋಟಾ ಮೇಲೆದ್ದ ಕೂಡಲೇ ಅದು ಬುಡವನ್ನು ಕಚ್ಚಿ ಹಿಡಿಯುತ್ತದೆ, ಖಾಲಿ ಕೇಸನ್ನು ಹೊರಗೆ ಎಸೆಯುವ ತನಕ ಬಿಡುವುದಿಲ್ಲ. ರೈಫಲ್ ತಲೆಕೆಳಗಾಗಿದ್ದರೂ ನಡೆಯುತ್ತದೆ. ಬೋಲ್ಟನ್ನು ಬೀಗದ ಹಾಗೆ ಬಿಗಿ ಹಿಡಿಯಲು ಮುಂದೆ ಎರಡು ಉಬ್ಬು, ಹಿಂದೆ ಆಪತ್ತಿಗೆಂದು ಮೂರನೆಯದು. ಬೋಲ್ಟನ್ನು 90 ಡಿಗ್ರಿ ಎತ್ತಬೇಕು, ಹಾಗಾಗಿ ಲೀಯಷ್ಟು ಚುರುಕಲ್ಲ. ತೋಟಾ 7×57 ಮಿ.ಮೀ. (ಇಂಗ್ಲಿಷರ ಹೆಸರಲ್ಲಿ .275), ಜಿಮ್ ಕಾರ್ಬೆಟ್‌ಗೆ ಬಹುಮಾನ ಬಂದ ರಿಗ್ಬಿ ರೈಫಲ್ಲಿನದೂ ಇದೇ. ಮನೆಗೆ ಬಂದವರೆಲ್ಲ "ಇದು ಕಾರ್ಬೆಟ್ ಗನ್ನಾ?" ಅನ್ನುತ್ತಾರೆ. ಅಲ್ಲ ಸ್ವಾಮಿ, ತೋಟಾ ಮಾತ್ರ ಅದೇ. ನಳಿಗೆಯ ಮೇಲೆ ದೊಡ್ಡ ಹೆಸರೇನೂ ಕೆತ್ತಿಲ್ಲ.

ಆದರೆ ಆ ತೋಟಾ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ. ಅಜ್ಜನ ಡಬ್ಬಿಯಲ್ಲಿ ಉಳಿದದ್ದೇ ಆಸ್ತಿ. ಒಮ್ಮೆ ಹೊರ ಜಿಲ್ಲೆಯ ರೇಂಜಿನಲ್ಲಿ ಐದು ಹಾರಿಸಿದೆ. ನಾಲ್ಕು ಹಾರಿದವು, ಒಂದು ಟಿಕ್ ಅಂದು ಸುಮ್ಮನಾಯಿತು. ಹಾಗಾದಾಗ ಬೋಲ್ಟನ್ನು ತಕ್ಷಣ ಎಳೆಯಬಾರದು. ಮದ್ದು ತಡವಾಗಿ ಹತ್ತಿಕೊಳ್ಳಬಹುದು, ನಳಿಗೆಯ ಬಾಯನ್ನು ಗುರಿಯ ಕಡೆಗೇ ಇಟ್ಟು ಕಾಯಬೇಕು.

ಜೋಡುನಳಿಗೆಯನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. ಲೈಸೆನ್ಸ್ ಇರುವುದೇ ಬೆಳೆ ಕಾಯಲಿಕ್ಕೆ. ಮೆಕ್ಕೆಜೋಳ ತೆನೆ ಕಟ್ಟುವಾಗ ಹಂದಿ, ಶೇಂಗಾಕ್ಕೂ ಹಂದಿ. ಸದ್ದಿಗೆ ಇದಕ್ಕಿಂತ ಬೇರೆ ಬೇಡ. ನಿಜ ಹೇಳಬೇಕೆಂದರೆ ಸೋಲಾರ್ ಬೇಲಿ ಹಾಕಿಸಿದ ಮೇಲೆ ಅದರ ಸದ್ದೂ ಕಡಿಮೆಯಾಗಿದೆ. ಹಳೆಯ ಇಂಗ್ಲಿಷ್ ಜೋಡುನಳಿಗೆ ಕೊಳ್ಳಬೇಕೆಂದವರಿಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ 65 ಮಿ.ಮೀ. ಚೇಂಬರಿನವು, ಅಂದರೆ ತೋಟಾ ಕೂರುವ ಗೂಡು ಅಷ್ಟುದ್ದ. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ 70 ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. "ಕೂತಿತಲ್ಲ, ಸರಿಯಿದೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಳಿಗೆಯ ಕೆಳಗಿನ ಮುದ್ರೆ ಓದಿ, ಇಲ್ಲವೇ ಬಲ್ಲವರಿಂದ ಅಳತೆ ಮಾಡಿಸಿ.

ಆರೈಕೆಯಲ್ಲಿ ನಮ್ಮ ಸೀಮೆಯ ಒಣ ಹವೆ ಕಬ್ಬಿಣಕ್ಕೆ ಒಳ್ಳೆಯದು, ಮರಕ್ಕೆ ಕೆಟ್ಟದ್ದು. ಮೌಸರಿನ ಹಿಡಿ ಬೋಲ್ಟಿನ ಹಿಂದೆ ಕೂದಲೆಳೆಯಷ್ಟು ಸೀಳಿತ್ತು. ಈಗ ವರ್ಷಕ್ಕೆರಡು ಸಲ ಅಗಸೆ ಎಣ್ಣೆ ತಿಕ್ಕುತ್ತೇನೆ. ಯಂತ್ರಕ್ಕೆ ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ನಮ್ಮ ಮನೆಯ ಕೋವಿಗಳಿಗೆ ಹಂದಿಗಿಂತ ದೊಡ್ಡ ಶತ್ರು ಆಯುಧಪೂಜೆ. ಅಮ್ಮ ವಿಭೂತಿ ಕಲಸಿ ಮೂರು ಬೆರಳಲ್ಲಿ ನಳಿಗೆಗೆ ಎಳೆಯುತ್ತಿದ್ದಳು, ಮೇಲೆ ಕುಂಕುಮ. ಮೂರು ದಿನ ಒರೆಸುವ ಹಾಗಿಲ್ಲ. .315ರ ನಳಿಗೆಯ ಮೇಲೆ ಆ ಮೂರು ಗೆರೆ ತುಕ್ಕಾಗಿ ಹಾಗೇ ಉಳಿದವು. ಈಗ ಪೂಜೆ ಪೆಟ್ಟಿಗೆಗೆ.

ಕಾಗದದ ಕೆಲಸ ಬಂದೂಕಿಗಿಂತ ಭಾರ. ಅಜ್ಜನ ಲೈಸೆನ್ಸ್ ಚಿತ್ರದುರ್ಗದ್ದು. 1997ರಲ್ಲಿ ಜಗಳೂರು ದಾವಣಗೆರೆ ಜಿಲ್ಲೆಗೆ ಸೇರಿದಾಗ ನಮ್ಮ ಕಡತವೂ ಊರು ಬಿಟ್ಟಿತು. ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯವಾದ ಮೇಲೆ, ಅದರ 10 ಕಿ.ಮೀ. ಒಳಗೆ ಆಯುಧ ಇಟ್ಟುಕೊಂಡವರು ಅರಣ್ಯ ಇಲಾಖೆಯಲ್ಲೂ ಹೆಸರು ಬರೆಸಬೇಕು. ಚುನಾವಣೆ ಬಂದರೆ ಕೋವಿಗಳು ಠಾಣೆಗೆ. ಒಂದು ಸಲ ವಾಪಸು ಕೊಡುವಾಗ ಮೌಸರಿನ ಮುಂಗಣ್ಣು (ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಮೊಳೆ) ಬಾಗಿತ್ತು. ಮೂಲೆಯಲ್ಲಿ ಸೌದೆಯ ಹಾಗೆ ಒರಗಿಸಿಟ್ಟಿದ್ದರು. ರಸೀದಿಯಲ್ಲಿ "ಸುಸ್ಥಿತಿಯಲ್ಲಿದೆ" ಅಂತ ಇತ್ತು, ಸಹಿ ನನ್ನದೇ. ಈಗ ಕೊಡುವ ಮುಂಚೆ ಫೋಟೋ ತೆಗೆದಿಡುತ್ತೇನೆ.

ಕಡೆಗೆ ಬಿಟ್ಟದ್ದು .315. ರೇಂಜಿಗೆ ಹೋಗಿ ಗುರಿ ಹೊಡೆಯುವ ಆಸೆ ಇರುವವರು ನನ್ನ ಹಾಗೆ ಮಾಡಬೇಡಿ, ಅದನ್ನೇ ಇಟ್ಟುಕೊಳ್ಳಿ. ಹಾರಿಸಲು ತೋಟಾ ಇಲ್ಲದ ಮೌಸರ್ ಬರೀ ನೋಡುವ ಸುಖ. ನನಗೆ ಆ ಸುಖವೇ ಸಾಕೆನಿಸಿತು. ಅಪ್ಪ ಬದುಕಿದ್ದರೆ ಬೈಯುತ್ತಿದ್ದರು, ಅದೂ ಗೊತ್ತು. ಡೀಲರ್ ರೈಫಲ್ಲಿನ ನಂಬರ್ ಬರೆದುಕೊಳ್ಳುತ್ತಾ ನಳಿಗೆಯ ಆ ಮೂರು ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿ, "ಇದೇನು, ಮೂರೂ ಇಷ್ಟು ನೇರ ಇವೆ?" ಅಂದರು. ವಿಭೂತಿ ಅಂದೆ.