ದಿಲ್ಲಿ ನೋಡಲು ಹೋಗುವವರೇ, ಸೋಮವಾರದ ಪ್ಯಾಕೇಜು ಕೊಳ್ಳಬೇಡಿ

ಈ ಫೆಬ್ರುವರಿಯಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದಿಲ್ಲಿಗೆ ಹೋಗಿದ್ದೆ. ನಾನು, ಹೆಂಡತಿ, ಅವ್ವ, ಹನ್ನೆರಡರ ಮಗಳು, ಎಂಟರ ಮಗ. ಐದು ದಿನದ ಪ್ರವಾಸದಲ್ಲಿ ಎರಡೂವರೆ ದಿನ ಹಾಳು, ಕೈಬಿಟ್ಟ ದುಡ್ಡು 24,500 ರೂಪಾಯಿ. ಊರಲ್ಲಿ ಯಾರಿಗೂ ಹೇಳಿರಲಿಲ್ಲ, ನಾಚಿಕೆ. ಹೋದ ವಾರ ನಮ್ಮ ಓಣಿಯ ಇನ್ನೊಂದು ಮನೆಯವರು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಒಪ್ಪಿಕೊಳ್ಳಬೇಕಾದ ಮಾತು: ನಮಗೆ ದಿಲ್ಲಿಯಲ್ಲಿ ದಾರಿ ಹೇಳುವವರು ಇಲ್ಲದೆ ಇರಲಿಲ್ಲ. ನನ್ನ ಸೋದರಮಾವ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ಇಪ್ಪತ್ತೈದು ವರ್ಷ ಆರ್.ಕೆ. ಪುರಂ ಕ್ವಾರ್ಟರ್ಸಿನಲ್ಲಿ ಕಳೆದವರು, ಈಗಲೂ ದಿಲ್ಲಿಯಲ್ಲೇ ಇದ್ದಾರೆ. ನಾವು ಹೋಗುವ ಹೊತ್ತಿಗೆ ಮಾಮಾ, ಅತ್ತಿ ಹರಿದ್ವಾರಕ್ಕೆ ಹೋಗಿದ್ದರು, ಸೋಮವಾರ ರಾತ್ರಿ ವಾಪಸ್ ಬರುವವರು. ಅದಕ್ಕೆ ಫೋನಿನಲ್ಲೇ ಎಲ್ಲ ಹೇಳಿದರು, ನನ್ನ ಹೆಂಡತಿ ಮಗಳ ಗಣಿತದ ನೋಟ್‌ಬುಕ್ಕಿನ ಕಡೇ ಪುಟದಲ್ಲಿ ಬರಕೊಂಡಳು. ಆ ಪುಟ ಈಗಲೂ ನನ್ನ ಮುಂದೆ ಇದೆ. ಮೊದಲ ಸಾಲು ಹೀಗಿದೆ: "ಅಜ್ಮೇರಿ ಗೇಟ್ ಕಡೆ ಹೊರಗ ಬರೋದು. ಪಹಾಡ್‌ಗಂಜ್ ಕಡೆ ಬ್ಯಾಡ. ಮೆಟ್ರೊ ಅಲ್ಲೇ ಅದ. ಹಳದಿ ಲೈನ್, ಒಂದೇ ಸ್ಟೇಶನ್, ರಾಜೀವ್ ಚೌಕ್. ಅಲ್ಲಿ ನೀಲಿ ಲೈನ್ ಹಿಡಿದು ಕರೋಲ್ ಬಾಗ್. ನಡುವ ಯಾರ ಜೊತಿನೂ ಮಾತಾಡಬ್ಯಾಡ್ರಿ." ಕೊನೆಯ ವಾಕ್ಯಕ್ಕೆ ಕೆಳಗೆ ಎರಡು ಗೆರೆ ಎಳೆದದ್ದೂ ಇದೆ.

ನಾವು ಮಾತಾಡಿದೆವು.

ಕಲಬುರಗಿ ಕಡೆಯವರಿಗೆ ಒಂದು ಗರ್ವ ಇರುತ್ತದೆ, ನಮಗೆ ಹಿಂದಿ ಬರುತ್ತದೆ ಅಂತ. ಬೆಂಗಳೂರು, ಮೈಸೂರಿನವರು ದಿಲ್ಲಿಯಲ್ಲಿ ತಡವರಿಸಬಹುದು, ನಮಗೇನು ಅಂತ. ಭಾನುವಾರ ಬೆಳಗ್ಗೆ ನ್ಯೂ ಡೆಲ್ಲಿ ಸ್ಟೇಶನ್ನಿನಲ್ಲಿ ಇಳಿದು, ಅವ್ವನ ಮೊಣಕಾಲು ನೋವಿಗೆ ಮೇಲ್ಸೇತುವೆಯ ಮೆಟ್ಟಿಲಲ್ಲಿ ಒಂದು ನಿಮಿಷ ನಿಂತೆವು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ, ಇಸ್ತ್ರಿ ಅಂಗಿಯ ಒಬ್ಬ ಬಂದು ಅವ್ವನ ಚೀಲಕ್ಕೆ ಕೈಹಾಕಿ, "ಮಾತಾಜಿ, ಆರಾಮ್ ಸೆ" ಅಂದ. ಹಿಂದಿ ಬಾರದವನಾಗಿದ್ದರೆ ಕೈ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ. ನನಗೆ ಬರುತ್ತಿತ್ತು, ಅದಕ್ಕೇ ನಿಂತೆ. ಕರೋಲ್ ಬಾಗ್ ಅಂದೆ. ಅವನು ಮುಖ ಸಣ್ಣ ಮಾಡಿದ. ಇವತ್ತು ರ್ಯಾಲಿ ಇದೆ, ರಾಜೀವ್ ಚೌಕ್ ಮೆಟ್ರೊ ಬಂದ್, ಆ ಕಡೆ ರಸ್ತೆಗಳೂ ಬಂದ್, ಹೋಟೆಲಿನವರಿಗೆ ಒಮ್ಮೆ ಕೇಳಿ ನೋಡಿ ಅಂದ. ನಾನು ಬುಕಿಂಗ್ ಕಾಗದ ತೆಗೆದೆ. ಅವನು ಅದರಲ್ಲಿದ್ದ ನಂಬರನ್ನು ತನ್ನ ಫೋನಿನಿಂದ ಒತ್ತಿ ನನ್ನ ಕೈಗೆ ಕೊಟ್ಟ. ಆ ಕಡೆಯ ದನಿ ನನ್ನ ಹೆಸರು ಕೇಳಿ, "ಸರ್, ನಿಮ್ಮ ರೂಮು ರದ್ದಾಗಿದೆ, ಟೂರಿಸ್ಟ್ ಆಫೀಸಿನಿಂದ ಸ್ಲಿಪ್ ತಂದರೆ ಬೇರೆ ಕಡೆ ಮಾಡಿಕೊಡುತ್ತೇವೆ" ಅಂತು.

ಇಡೀ ಮೋಸದ ಬೀಗದಕೈ ಇದ್ದದ್ದು ಇಲ್ಲಿ. ಕಾಗದ ನನ್ನದು, ಫೋನು ಅವನದು. ಅವನು ಒತ್ತಿದ ನಂಬರು ಯಾವುದು ಅಂತ ನಾನು ನೋಡಲೇ ಇಲ್ಲ. ನನ್ನ ಜೇಬಿನಲ್ಲೂ ಫೋನಿತ್ತು, ತುಂಬ ಚಾರ್ಜೂ ಇತ್ತು.

ಪಹಾಡ್‌ಗಂಜ್ ಕಡೆಯಿಂದ ಹೊರಗೆ ಕರೆದುಕೊಂಡು ಹೋಗಿ ಆಟೊ ಹತ್ತಿಸಿದ. ಇಪ್ಪತ್ತೇ ರೂಪಾಯಿ. ಅಷ್ಟು ಅಗ್ಗಕ್ಕೆ ಯಾಕೆ ಬರುತ್ತಿದ್ದಾನೆ ಅಂತ ಆಗ ಹೊಳೆಯಬೇಕಿತ್ತು. ಆಟೊ ನಿಂತದ್ದು ಕನಾಟ್ ಪ್ಲೇಸಿನ ಹೊರಸುತ್ತಿನ ಒಂದು ಮಹಡಿ ಆಫೀಸಿನ ಮುಂದೆ. ಬೋರ್ಡಿನಲ್ಲಿ ತ್ರಿವರ್ಣದ ಪಟ್ಟಿ, ದೊಡ್ಡ ಅಕ್ಷರದಲ್ಲಿ ಸರ್ಕಾರಿ ಅನ್ನಿಸುವಂಥ ಹೆಸರು. ಭಾರತ ಸರ್ಕಾರದ ಪ್ರವಾಸೋದ್ಯಮ ಕಚೇರಿ ಇರುವುದು ಜನಪಥದ 88ನೇ ನಂಬರಿನಲ್ಲಿ. ಆ ಸುತ್ತಮುತ್ತ ಅದರ ತದ್ರೂಪಿನಂತೆ ಬೋರ್ಡು ಹಾಕಿಕೊಂಡ ಖಾಸಗಿ ಅಂಗಡಿಗಳು ಬೇಕಾದಷ್ಟಿವೆ ಅಂತ ಮಾಮಾ ಆಮೇಲೆ ಹೇಳಿದರು.

ಒಳಗೆ ಎಸಿ, ಗೋಡೆಗೆ ತಾಜ್ ಮಹಲಿನ ಫೋಟೊ, ಮಕ್ಕಳಿಗೆ ಬಿಸ್ಕಿಟು. ರಿಜಿಸ್ಟರಿನಲ್ಲಿ ಹೆಸರು, ಊರು ಬರೆಸಿಕೊಂಡರು. ಐದು ನಿಮಿಷ ಬಿಟ್ಟು ಒಳಗಿನ ಕೋಣೆಯಿಂದ ಬಂದ ಮ್ಯಾನೇಜರು ಬಾಗಿಲಲ್ಲೇ ಕೈಚಾಚಿದ: "ಗುಲ್ಬರ್ಗಾ! ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಮಂದಿರ್, ದೋನೋ ದೇಖಾ ಹೂಂ ಮೈ." ಅವ್ವನ ಮುಖ ಅರಳಿತು. ಶರಣಪ್ಪನ ಗುಡಿ ಕಂಡವನು ಅಂದಮೇಲೆ ಮುಗಿಯಿತು, ಚೀಲ ಬಿಚ್ಚಿ ಅವನಿಗೆ ಶೇಂಗಾ ಹೋಳಿಗೆ ಕೊಟ್ಟಳು. ಅವನು ತಿಂದ, ಇನ್ನೊಂದು ಕೇಳಿ ತಿಂದ. ರಿಜಿಸ್ಟರಿನಲ್ಲಿ ಊರು ನೋಡಿ ಒಳಗೆ ಕೂತು ಫೋನಿನಲ್ಲಿ ಹುಡುಕಿಕೊಂಡು ಬಂದಿದ್ದ ಅಂತ ಈಗ ಅನ್ನಿಸುತ್ತದೆ. ಆಗ ಮಾತ್ರ ನಮ್ಮೂರಿನ ಅಳಿಯನೇ ಸಿಕ್ಕಂತಾಗಿತ್ತು.

ನಾಲ್ಕು ದಿನದ ಕಾರು, ಹೋಟೆಲು, ಆಗ್ರಾ, ಎಲ್ಲ ಟಿಕೆಟು ಸೇರಿ 26,500 ಅಂದ. 15,000 ಯುಪಿಐ ಮಾಡಿದೆ, ಉಳಿದದ್ದು ನಗದು. ಯುಪಿಐ ಹೋದದ್ದು ಆಫೀಸಿನ ಹೆಸರಿಗಲ್ಲ, ಯಾರದೋ ಒಬ್ಬ ವ್ಯಕ್ತಿಯ ಹೆಸರಿಗೆ. ಅದೂ ಕಣ್ಣಿಗೆ ಬಿತ್ತು. "ನಮ್ಮ ಅಕೌಂಟೆಂಟು" ಅಂದ. ಸರಿ ಅಂದೆ.

ರಸೀದಿಯಲ್ಲಿದ್ದ ಬಾಬ್ತುಗಳನ್ನು ಹೇಳಲೇಬೇಕು. ಅಮೃತ ಉದ್ಯಾನ ವಿಐಪಿ ಪಾಸು ತಲೆಗೆ 500ರಂತೆ 2,500. ರಾಷ್ಟ್ರಪತಿ ಭವನದ ಈ ತೋಟ, ಹಿಂದೆ ಮೊಘಲ್ ಗಾರ್ಡನ್ ಅನ್ನುತ್ತಿದ್ದದ್ದು, 2023ರಲ್ಲಿ ಹೆಸರು ಬದಲಾಯಿತು. ವಸಂತದಲ್ಲಿ ಕೆಲವು ವಾರ ಜನರಿಗೆ ತೆರೆಯುತ್ತಾರೆ, ಪ್ರವೇಶ ಪೂರ್ತಿ ಉಚಿತ, ರಾಷ್ಟ್ರಪತಿ ಭವನದ ವೆಬ್‌ಸೈಟಿನಲ್ಲಿ ನಾವೇ ಬುಕ್ ಮಾಡಿಕೊಳ್ಳಬಹುದು. ಲೋಟಸ್ ಟೆಂಪಲ್ ಟಿಕೆಟು 1,250. ಅಲ್ಲಿ ಟಿಕೆಟೇ ಇಲ್ಲ. ಮಕ್ಕಳಿಬ್ಬರಿಗೂ ಕೆಂಪುಕೋಟೆ, ಕುತುಬ್ ಮಿನಾರಿಗೆ ಪೂರ್ತಿ ಟಿಕೆಟಿನ ಹಣ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಹೋಟೆಲು ಮಹಿಪಾಲ್‌ಪುರದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿಗೆ. ರಾತ್ರಿಯಿಡೀ ತಲೆ ಮೇಲೆ ವಿಮಾನ. ಮಗ ಮಾತ್ರ ಖುಷಿಯಿಂದ ಎಣಿಸುತ್ತ ಮಲಗಿದ. ಭಾನುವಾರ ಒಂದು ಅಂಗಡಿ, ಸಂಜೆಗೆ ಇಂಡಿಯಾ ಗೇಟ್, ಅಷ್ಟೇ.

ಸೋಮವಾರ ಹತ್ತು ಗಂಟೆಗೆ ಕೆಂಪುಕೋಟೆಯ ಮುಂದೆ ಕಾರು ನಿಂತಿತು. ಗೇಟು ಮುಚ್ಚಿತ್ತು. ಡ್ರೈವರ್ "ಅರೇ, ಸೋಮವಾರ್ ಹೈ" ಅಂದ, ಈಗ ತಾನೇ ಗೊತ್ತಾದವನ ಹಾಗೆ. ಪರವಾಗಿಲ್ಲ, ಹತ್ತಿರದಲ್ಲೇ ಒಂದು ಎಂಪೋರಿಯಂ ಇದೆ, ಹತ್ತು ನಿಮಿಷ. ಅದಾದಮೇಲೆ ಅಮೃತ ಉದ್ಯಾನ: ಸೋಮವಾರ ರಜೆ. ಮತ್ತೊಂದು ಎಂಪೋರಿಯಂ, ಈ ಸಲ ಕಾರ್ಪೆಟ್ಟು. ಲೋಟಸ್ ಟೆಂಪಲ್: ಸೋಮವಾರ ರಜೆ. ಹರಳಿನ ಅಂಗಡಿ. ಸಂಜೆಗೆ ಅಕ್ಷರಧಾಮ ಅಂತ ಪಟ್ಟಿಯಲ್ಲಿತ್ತು. ಅದೂ ಸೋಮವಾರ ರಜೆ.

ಮೂರನೇ ಅಂಗಡಿಯಲ್ಲಿ ಕೂತಾಗ ನನ್ನ ಹೆಂಡತಿ ಚೀಲದಿಂದ ಆ ನೋಟ್‌ಬುಕ್ ತೆಗೆದು ನನ್ನ ಮಡಿಲಿಗೆ ಹಾಕಿದಳು. ಮಾತಾಡಲಿಲ್ಲ. ಮಾಮಾ ಹೇಳಿದ್ದು: "ಸೋಮವಾರ: ಕುತುಬ್ ಮಿನಾರ್, ಹುಮಾಯೂನ್ ಗೋರಿ, ಬಂಗ್ಲಾ ಸಾಹಿಬ್ ಗುರುದ್ವಾರ." ಮೂರೂ ದಿನಾ ತೆರೆದಿರುತ್ತವೆ. ಯಾಕೆ ಕೆಂಪುಕೋಟೆಯನ್ನು ಮಂಗಳವಾರಕ್ಕೆ ಹಾಕಿದ್ದಾರೆ ಅಂತ ಊರಲ್ಲಿ ಬರಕೊಳ್ಳುವಾಗ ನಾವು ಕೇಳಿರಲೇ ಇಲ್ಲ.

ಆಫೀಸಿನವನಿಗೆ ಸೋಮವಾರ ರಜೆ ಅಂತ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಹಾಗೆ ಜೋಡಿಸಿದ್ದು. ತೆರೆದ ಕೋಟೆಯೊಳಗೆ ಹೋದವರು ಎರಡು ತಾಸು ಹೊರಗೆ ಬರುವುದಿಲ್ಲ, ಅವನಿಗೇನು ಲಾಭ? ಬಾಗಿಲು ಮುಚ್ಚಿದಷ್ಟೂ ಅಂಗಡಿಗೆ ಹೊತ್ತು ಸಿಗುತ್ತದೆ. ಡ್ರೈವರ್ ಹುಡುಗ ಕೆಟ್ಟವನಲ್ಲ. ಮಧ್ಯಾಹ್ನ ನಮ್ಮ ಉಳಿದ ರೊಟ್ಟಿ, ಶೇಂಗಾ ಚಟ್ನಿ ಅವನಿಗೂ ಕೊಟ್ಟೆವು. ತಿನ್ನುತ್ತ ಅವನೇ ಹೇಳಿದ: ಗಿರಾಕಿ ಒಳಗೆ ಅರ್ಧ ತಾಸು ಕೂತರೆ ಸಾಕು, ಏನೂ ಕೊಳ್ಳದಿದ್ದರೂ ತನಗೆ ದುಡ್ಡು, ಕೊಂಡರೆ ಅದರಲ್ಲಿ ಪಾಲು. ಸಂಬಳ ಅಂತ ಆಫೀಸಿನವರು ಕೊಡುವುದು ಅಷ್ಟಕ್ಕಷ್ಟೇ.

ನಾವು ಕೊಂಡಿದ್ದೆವು. ಅವ್ವನಿಗೆ ಪಶ್ಮೀನಾ ಶಾಲು, 6,800. ಉಂಗುರದೊಳಗೆ ತೂರಿಸಿ ತೋರಿಸಿದರು. ರಾತ್ರಿ ಮಾಮಾ ಹರಿದ್ವಾರದಿಂದ ಬಂದವರು ನೇರ ನಮ್ಮ ಹೋಟೆಲಿಗೇ ಬಂದರು. ಬೈಯಲಿಲ್ಲ, ಶಾಲು ಕೈಗೆ ತಗೊಂಡರು. ಅಂಚಿನ ಕುಚ್ಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಅದರ ತುದಿಗೆ ಹಿಡಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಬೇಕು. ಇದು ಚುರುಗುಟ್ಟಿ ಮುದುಡಿ, ತುದಿಯಲ್ಲಿ ಕರಿ ಮಣಿಯ ಹಾಗೆ ಗಟ್ಟಿಯಾಯಿತು. ಪ್ಲಾಸ್ಟಿಕ್ ವಾಸನೆ. ಮಾಮಾ ಆ ಮಣಿಯನ್ನು ನನ್ನ ಅಂಗೈಗೆ ಹಾಕಿ, "ತಮ್ಮಾ, ಉಂಗುರದಾಗ ನೈಲಾನೂ ತೂರ್ತದ" ಅಂದರು. ಅವ್ವ, "ಆತು ಬಿಡೋ, ಬೆಚ್ಚಗಂತೂ ಅದ" ಅಂದಳು. ತಮ್ಮನ ಮುಂದೆ ಮಗನ ಮರ್ಯಾದೆ ಉಳಿಸಲು ನೋಡಿದಳು.

ದಿಲ್ಲಿಯಲ್ಲಿ ನಿಜವಾಗಿ ಏನಾದರೂ ಕೊಳ್ಳಬೇಕಿದ್ದರೆ ಬಾಬಾ ಖರಕ್ ಸಿಂಗ್ ಮಾರ್ಗದಲ್ಲಿ ರಾಜ್ಯ ಸರ್ಕಾರಗಳ ಎಂಪೋರಿಯಂ ಸಾಲಾಗಿವೆ, ನಮ್ಮ ಕಾವೇರಿಯೂ ಅಲ್ಲಿದೆ. ಜನಪಥದಲ್ಲಿ ಕೇಂದ್ರದ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಇದೆ. ಕಾರಿನವನು ಕರೆದೊಯ್ಯುವ ಅಂಗಡಿಯ ಬೋರ್ಡಿನಲ್ಲೂ "ಕಾಟೇಜ್" ಅಂತ ಇರುತ್ತದೆ, ಆ ಒಂದು ಶಬ್ದಕ್ಕೆ ಮರುಳಾಗಬೇಡಿ.

ಮಂಗಳವಾರ ಬೆಳಗ್ಗೆ ಮಾಮಾ ಜೊತೆಗೆ ಆ ಆಫೀಸಿಗೆ ಹೋದೆವು. ಹೋಳಿಗೆ ತಿಂದ ಮ್ಯಾನೇಜರು ನಮ್ಮನ್ನು ಗುರುತೇ ಹಿಡಿಯಲಿಲ್ಲ. ಮಾಮಾ ದನಿ ಏರಿಸಲಿಲ್ಲ. ರಸೀದಿ ಮೇಜಿನ ಮೇಲೆ ಹರಡಿ, ಲೋಟಸ್ ಟೆಂಪಲಿನ 1,250ರ ಮೇಲೆ ಬೆರಳಿಟ್ಟು, ಈ ಟಿಕೆಟ್ ತೋರಿಸಿ ಅಂದರು. ಆಮೇಲೆ ಪೊಲೀಸರಿಗೆ 112 ಒತ್ತಿ ಫೋನನ್ನು ಮೇಜಿನ ಮೇಲಿಟ್ಟು, ಕರೆ ಹಚ್ಚುವ ಮುಂಚೆ ಅವನ ಮುಖ ನೋಡಿದರು. ಒಂದೂವರೆ ತಾಸು ಎಳೆದಾಡಿ 11,000 ವಾಪಸ್ ಸಿಕ್ಕಿತು. ಅಲ್ಲಿಂದ ಕರೋಲ್ ಬಾಗಿಗೆ ಹೋದರೆ, ನಾವು ಬುಕ್ ಮಾಡಿದ್ದ ಹೋಟೆಲಿನವನು, "ಭಾನುವಾರ ಇಡೀ ದಿನ ಕಾದೆವಲ್ಲ ಸರ್, ಯಾಕೆ ಬರಲಿಲ್ಲ?" ಅಂದ. ರೂಮು ರದ್ದಾಗಿರಲೇ ಇಲ್ಲ. ಬಾರದ ಮೊದಲ ರಾತ್ರಿಗೆ 2,200 ಹಿಡಿದುಕೊಂಡ, ಅದು ಅವನ ನ್ಯಾಯ. ರಾಜೀವ್ ಚೌಕ್ ಮೆಟ್ರೊ ಆ ಭಾನುವಾರ ಬಂದ್ ಆಗಿತ್ತೇ ಅಂತಲೂ ಕೇಳಿದೆ. ನಕ್ಕ.

ಉಳಿದ ಎರಡೂವರೆ ದಿನ ನೋಟ್‌ಬುಕ್ಕಿನ ಪುಟದ ಪ್ರಕಾರ ನಡೆದೆವು. ಕಾರು ಬೇಕಾಗಲೇ ಇಲ್ಲ. ಕೆಂಪುಕೋಟೆಗೆ ಲಾಲ್ ಕಿಲಾ ಅಂತಲೇ ಮೆಟ್ರೊ ಸ್ಟೇಶನ್ ಇದೆ, ಕುತುಬಿಗೂ ಇದೆ, ಅಕ್ಷರಧಾಮಕ್ಕೂ ಇದೆ, ಲೋಟಸ್ ಟೆಂಪಲಿಗೆ ಕಾಲ್ಕಾಜಿ ಮಂದಿರ್. ಪ್ರವಾಸಿಗರಿಗೆ ಒಂದು ದಿನದ, ಮೂರು ದಿನದ ಮೆಟ್ರೊ ಕಾರ್ಡೂ ಸಿಗುತ್ತದೆ. ಅಕ್ಷರಧಾಮದ ಒಳಗೆ ಮೊಬೈಲ್ ಬಿಡುವುದಿಲ್ಲ, ಕೌಂಟರಿನಲ್ಲಿ ಇಟ್ಟು ಹೋಗಬೇಕು. ಮುಂಚೆಯೇ ಎಲ್ಲಿ ಸೇರುವುದು ಅಂತ ಮಾತಾಡಿಕೊಳ್ಳಿ, ನಾವು ಅವ್ವನನ್ನು ಅರ್ಧ ತಾಸು ಹುಡುಕಿದೆವು.

ಆಗ್ರಾದ ವಿಚಾರ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗೆ ಬಹಳ ಮುಖ್ಯ. ಈ ಗಾಡಿ ಆಗ್ರಾ ಕ್ಯಾಂಟಿನಲ್ಲಿ ನಿಲ್ಲುತ್ತದೆ. ಆಫೀಸಿನವನು ಆಗ್ರಾಕ್ಕೆ ಕಾರಿನಲ್ಲಿ ಹೋಗಿ ಬರಲು ಆ 26,500ರಲ್ಲೇ 9,000 ಹಚ್ಚಿದ್ದ. ಮಾಮಾ ಬರೆಸಿದ್ದು: ಕಡೇ ದಿನ ಬೆಳಗ್ಗೆ ನಿಜಾಮುದ್ದೀನ್ ಸ್ಟೇಶನ್ನಿನಿಂದ ಗತಿಮಾನ್ ರೈಲು ಹಿಡಿದರೆ 100 ನಿಮಿಷಕ್ಕೆ ಆಗ್ರಾ. ಸಾಮಾನು ಕ್ಲೋಕ್‌ರೂಮಿನಲ್ಲಿಟ್ಟು ತಾಜ್ ನೋಡಿ, ರಾತ್ರಿ ದಿಲ್ಲಿಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸನ್ನು ಅಲ್ಲೇ ಹತ್ತುವುದು. ಟಿಕೆಟಿನಲ್ಲಿ ಬೋರ್ಡಿಂಗ್ ಸ್ಟೇಶನ್ನನ್ನು ಮೊದಲೇ ಆಗ್ರಾಕ್ಕೆ ಬದಲಿಸಿಕೊಳ್ಳಲೇಬೇಕು, ಇಲ್ಲದಿದ್ದರೆ ದಿಲ್ಲಿಯಲ್ಲಿ ಹತ್ತಲಿಲ್ಲ ಅಂತ ಸೀಟು ಬೇರೆಯವರ ಪಾಲಾದೀತು. ತಾಜ್ ಶುಕ್ರವಾರ ಮುಚ್ಚಿರುತ್ತದೆ, ಗತಿಮಾನ್ ಕೂಡ ಶುಕ್ರವಾರ ಓಡುವುದಿಲ್ಲ. ನಮ್ಮದು ಗುರುವಾರ ಬಿದ್ದಿತ್ತು. ತಾಜ್ ಟಿಕೆಟು ಭಾರತೀಯರಿಗೆ 50 ರೂಪಾಯಿ, ಗೋರಿಯ ಕಟ್ಟೆ ಹತ್ತಬೇಕಿದ್ದರೆ ಮೇಲೆ 200. ಅವ್ವ ಹತ್ತಲಿಲ್ಲ, ಕೆಳಗೆ ಬೆಂಚಿನ ಮೇಲೆ ಅದೇ ಶಾಲು ಹೊದ್ದು ಕೂತಿದ್ದಳು.

ಇನ್ನು ನೀವು ಸಿಕ್ಕಿಬಿದ್ದರೆ: ಪ್ರವಾಸೋದ್ಯಮ ಸಚಿವಾಲಯದ ಸಹಾಯವಾಣಿ 1363, ಹಗಲೂ ರಾತ್ರಿ ನಡೆಯುತ್ತದೆ. ಗ್ರಾಹಕ ಸಹಾಯವಾಣಿ 1915. ಯುಪಿಐ ಮಾಡಿದ ಸ್ಕ್ರೀನ್‌ಶಾಟು, ರಸೀದಿ, ಬೋರ್ಡಿನ ಫೋಟೊ ಇಟ್ಟುಕೊಳ್ಳಿ. ನಾನು ಬೋರ್ಡಿನ ಫೋಟೊ ತೆಗೆದಿರಲಿಲ್ಲ, ಪುಣ್ಯಕ್ಕೆ ಮಗಳು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದಳು. ಅದನ್ನೇ ದೂರಿಗೆ ಹಚ್ಚಿದ್ದೇನೆ. ಮೂರು ತಿಂಗಳಾಯಿತು, "ಪರಿಶೀಲನೆಯಲ್ಲಿದೆ" ಅಂತ ಬರುತ್ತಿದೆ.